ಕೆರೆಯ ಮೇಲೊಂದು ಹಾಯಿ

ಮಂಗಳೂರಿನಿಂದ ಮೂಡುಬಿದಿರೆಯ ಕಡೆಗೆ ಹೊರಟ ಬಸ್ಸು ಕುಲಶೇಖರವನ್ನು ದಾಟಿ, ನಾಗಾರಾಧನೆಗೆ ಹೆಸರಾದ ಕುಡುಪುವನ್ನು ಹಿಂದೆ ಹಾಕಿ, ಸುಮಾರು ಹತ್ತು ಕಿಲೋಮೀಟರು ಸಾಗುವಷ್ಟರಲ್ಲಿ ವಾಮಂಜೂರು ಬರುತ್ತದೆ. ಅಲ್ಲಿಂದ ಮೂಡುಶೆಡ್ಡೆಯ ದಾರಿ ಹಿಡಿದರೆ ಪಿಲಿಕುಳ. ತುಳುವಿನಲ್ಲಿ ‘ಪಿಲಿ’ ಎಂದರೆ ಹುಲಿ. ‘ಕುಳ’ ಎಂದರೆ ಕೊಳ. ಒಂದು ಕಾಲದಲ್ಲಿ ಹುಲಿಗಳು ಬಂದು ನೀರು ಕುಡಿಯುತ್ತಿದ್ದ ಕೆರೆ ಇದೆಂಬುದು ಜನರ ಮಾತು. ಇಂದು ಆ ಕೆರೆಯ ಸುತ್ತ ಡಾ. ಶಿವರಾಮ ಕಾರಂತರ ಹೆಸರಿನ ನಿಸರ್ಗಧಾಮವಿದೆ. ಮೃಗಾಲಯ, ಗುತ್ತುಮನೆ, ತಾರಾಲಯ ಎಲ್ಲವನ್ನೂ ನೋಡಿ ದಣಿದ ಸಂಸಾರಗಳಿಗೆ ತುಳಿದು ನಡೆಸುವ ದೋಣಿಯಲ್ಲಿ ಕೆರೆಯ ವಿಹಾರವೇ ಕೊನೆಯ ಸುಖ.

ಇಲ್ಲಿಗೆ ಕಡಲು ದೂರವಿಲ್ಲ. ಹತ್ತಿರದಲ್ಲಿಯೇ ಗುರುಪುರ ನದಿ, ಅಂದರೆ ಫಲ್ಗುಣಿ, ಸಮುದ್ರದತ್ತ ಹರಿಯುತ್ತದೆ. ನೀರಿದೆ, ಗಾಳಿಯೂ ಇದೆ. ಆದರೆ ಹಾಯಿ ಎಲ್ಲಿ? ಪ್ರವಾಸಿಗನ ಮನಸ್ಸಿನಲ್ಲಿ ಈ ಪ್ರಶ್ನೆ ಏಳುವುದು ಸಹಜವೇ. ಏಕೆಂದರೆ ಈ ಕರಾವಳಿ ಬಾಳಿದುದೇ ಹಾಯಿಯಿಂದ. 12ನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿ ಏಡನ್ನಿನೊಡನೆ ವ್ಯಾಪಾರ ನಡೆಸಿದನು. ಅವನ ಸರಕನ್ನೂ ಪತ್ರಗಳನ್ನೂ ಹೊತ್ತುದು ಋತುಮಾರುತಗಳಿಗೆ ಬಿಚ್ಚಿದ ಹಾಯಿಗಳೇ. ಮಂಗಳೂರಿನ ಹಳೆಯ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳು ಈಗಲೂ ಉಂಟು. ಆದರೆ ಅವುಗಳನ್ನು ಇಂದು ನಡೆಸುವುದು ಯಂತ್ರ. ಹೊಟ್ಟೆಪಾಡಿನ ಹಾಯಿ ಮಡಿಚಿಟ್ಟಾಯಿತು. ಉಳಿದಿರುವುದು ಆಟದ ಹಾಯಿ.

ಆಟದ ಹಾಯಿಯನ್ನು ನೋಡಬೇಕೆನ್ನುವವರು ಕಡಲನ್ನು ಬಿಟ್ಟು ಘಟ್ಟವನ್ನೇರಿ ಬೆಂಗಳೂರಿಗೇ ಹೋಗಬೇಕಾದುದು ಒಂದು ವಿಚಿತ್ರ. ಊರ ನಡುವಣ ಹಲಸೂರು ಕೆರೆಯ ದಂಡೆಯಲ್ಲಿ ಮದ್ರಾಸ್ ಸ್ಯಾಪರ್ಸ್ ಎಂದು ಪ್ರಸಿದ್ಧವಾದ ಸೇನಾದಳದ ನೆಲೆಯಿದೆ. 1780ರಲ್ಲಿ ಹುಟ್ಟಿದ ಈ ದಳ 1834ರಲ್ಲಿ ಬೆಂಗಳೂರಿಗೆ ಬಂದಿತು. ಈ ದಳದ ಆಶ್ರಯದಲ್ಲಿರುವ ಹಾಯಿದೋಣಿಯ ಸಂಘಕ್ಕೆ ‘ತೃಷ್ಣಾ’ ಎಂದು ಹೆಸರು. ಆ ಹೆಸರಿನ ಹಿಂದೆ ಒಂದು ಸಾಹಸವಿದೆ. ಸೇನೆಯ ಎಂಜಿನಿಯರ್ ದಳದ ಅಧಿಕಾರಿಗಳು 1985ರಲ್ಲಿ ಇಂಗ್ಲೆಂಡಿನಿಂದ ‘ತೃಷ್ಣಾ’ ಎಂಬ ಹಾಯಿನೌಕೆಯಲ್ಲಿ ಹೊರಟು, ಭೂಮಂಡಲವನ್ನೇ ಸುತ್ತಿ, 1987ರ ಜನವರಿಯಲ್ಲಿ ಮುಂಬಯಿಯನ್ನು ಮುಟ್ಟಿದರು. ಭಾರತೀಯರು ಹಾಯಿಯ ಬಲದಿಂದ ಲೋಕಪ್ರದಕ್ಷಿಣೆ ಮಾಡಿದುದು ಅದೇ ಮೊದಲು.

ಮೂರು ಸಾಗರಗಳನ್ನು ದಾಟಿದ ನೌಕೆಯ ಹೆಸರನ್ನು ಹೊತ್ತ ಸಂಘದಲ್ಲಿ ಮಕ್ಕಳು ಕಲಿಯುವ ದೋಣಿ ಮಾತ್ರ ಒಂದು ಸ್ನಾನದ ತೊಟ್ಟಿಗಿಂತ ಬಹಳ ದೊಡ್ಡದಲ್ಲ. ಅದರ ಹೆಸರು ‘ಆಪ್ಟಿಮಿಸ್ಟ್’. ಉದ್ದ ಎಂಟು ಅಡಿಗೂ ಕಡಮೆ. ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬ ದೋಣಿಗಾರನು 1947ರಲ್ಲಿ, ಸಾಮಾನ್ಯ ಮನೆಗಳ ಮಕ್ಕಳಿಗೂ ಎಟುಕಲೆಂದು, ಪ್ಲೈವುಡ್ಡಿನ ಹಲಗೆಗಳಿಂದ ಇದನ್ನು ರೂಪಿಸಿದನು. ಒಂದು ಹಾಯಿ, ಒಂದು ಚುಕ್ಕಾಣಿ, ನೀರಿನೊಳಕ್ಕೆ ಇಳಿಬಿಟ್ಟ ಒಂದು ಹಲಗೆ. ಒಳಗೆ ಒಂದೇ ಮಗು. ಹದಿನೈದು ವರ್ಷ ದಾಟಿದವರಿಗೆ ಇದರ ಪಂದ್ಯದಲ್ಲಿ ಪ್ರವೇಶವಿಲ್ಲ. ಇಂತಹ ಪುಟ್ಟ ದೋಣಿಗಳಿಗೆ ‘ಡಿಂಗಿ’ ಎಂಬುದು ರೂಢಿಯ ಹೆಸರು.

ಪಂದ್ಯದ ಕ್ರಮವನ್ನು ದಂಡೆಯಲ್ಲಿ ನಿಂತು ನೋಡುವವನಿಗೆ ಮೊದಲು ಏನೊಂದೂ ತಿಳಿಯದು. ದೋಣಿಗಳು ಗುರಿಯಿಲ್ಲದೆ ಅತ್ತಿಂದಿತ್ತ ಅಲೆಯುವಂತೆ ಕಾಣುತ್ತವೆ. ನಿಜವಾಗಿ ಅವು ಕಾಯುತ್ತಿರುತ್ತವೆ. ತೀರ್ಪುಗಾರರ ದೋಣಿಗೂ ನೀರಿನಲ್ಲಿ ತೇಲಬಿಟ್ಟ ಒಂದು ಗುರುತಿಗೂ ನಡುವೆ ಕಣ್ಣಿಗೆ ಕಾಣದ ಗೆರೆಯೊಂದಿರುತ್ತದೆ. ಹೊರಡುವ ಐದು ನಿಮಿಷ ಮೊದಲು ಒಂದು ಬಾವುಟ ಏರುತ್ತದೆ. ನಾಲ್ಕು ನಿಮಿಷವಿರುವಾಗ ಇನ್ನೊಂದು ಏರುತ್ತದೆ. ಒಂದು ನಿಮಿಷವಿರುವಾಗ ಆ ಎರಡನೆಯದು ಇಳಿಯುತ್ತದೆ. ಕೊನೆಯ ಸದ್ದಿಗೆ ಮೊದಲೇ ಗೆರೆ ದಾಟಿದವನು ಹಿಂದಿರುಗಿ ಬಂದು ಮತ್ತೆ ಹೊರಡಬೇಕು. ದೋಣಿಗೆ ಬ್ರೇಕು ಇಲ್ಲವಾದುದರಿಂದ ಈ ಐದು ನಿಮಿಷಗಳಲ್ಲಿಯೇ ಅರ್ಧ ಪಂದ್ಯ ನಡೆದುಹೋಗುತ್ತದೆ.

ಮೊದಲ ಗುರುತು ಗಾಳಿ ಬೀಸಿ ಬರುವ ದಿಕ್ಕಿನಲ್ಲಿಯೇ ಇರುತ್ತದೆ. ಗಾಳಿಗೆ ನೇರವಾಗಿ ಎದುರು ನಡೆಯಬಲ್ಲ ಹಾಯಿ ಲೋಕದಲ್ಲಿಲ್ಲ. ಆದರೆ ಓರೆಯಾಗಿ ನಡೆಯಬಹುದು. ಓರೆಗಾಳಿಗೆ ಹಾಯಿಯು ಹಕ್ಕಿಯ ರೆಕ್ಕೆಯಂತೆ ಉಬ್ಬಿ ಎಳೆಯುತ್ತದೆ. ಪಕ್ಕಕ್ಕೆ ಜಾರದಂತೆ ಅಡಿಯ ಹಲಗೆ ಹಿಡಿಯುತ್ತದೆ. ಉಳಿದ ಬಲವೆಲ್ಲ ದೋಣಿಯನ್ನು ಮುಂದಕ್ಕೆ ನೂಕುತ್ತದೆ. ಹೀಗೆ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಹೊರಳುತ್ತ, ಘಟ್ಟದ ರಸ್ತೆಯಂತೆ ಸುತ್ತಿ ಸುತ್ತಿ ಎದುರುಗಾಳಿಯನ್ನು ಏರಬೇಕು. ಊರೊಳಗಿನ ಕೆರೆಯಲ್ಲಿ ಇದು ಇನ್ನೂ ಕಠಿನ. ಮರಗಳೂ ಕಟ್ಟಡಗಳೂ ಗಾಳಿಯನ್ನು ತಡೆದು ತಿರುಚುತ್ತವೆ. ಮುಂದಿದ್ದ ದೋಣಿ ಗಾಳಿಯಿಲ್ಲದ ನೆರಳಿನಲ್ಲಿ ಸಿಕ್ಕಿ ನಿಲ್ಲುವಾಗ ಹಿಂದಿದ್ದ ಪೋರನೊಬ್ಬನು ನೀರಿನ ಮೇಲಿನ ಕಪ್ಪು ಅಲೆಯನ್ನು ಗುರುತಿಸಿ ನುಸುಳಿಬಿಡುತ್ತಾನೆ. ಮೊದಲು ಬಂದವನಿಗೆ ಒಂದು ಅಂಕ, ಎರಡನೆಯವನಿಗೆ ಎರಡು; ಹಲವು ಓಟಗಳ ಕೊನೆಯಲ್ಲಿ ಯಾರ ಅಂಕ ಎಲ್ಲರಿಗಿಂತ ಕಡಮೆಯೋ ಅವನೇ ವಿಜಯಿ.

ಈ ಆಟದಲ್ಲಿ ಸೀಟಿ ಹಿಡಿದು ಬೆನ್ನುಹತ್ತುವವರು ಅಪರೂಪ. ಗುರುತನ್ನು ತಾಗಿಸಿದವನು ತಾನಾಗಿಯೇ ದೋಣಿಯನ್ನು ಒಂದು ಸುತ್ತು ತಿರುಗಿಸಿ ದಂಡ ತೆರಬೇಕು. ದಾರಿ ಬಿಡಬೇಕಾದಲ್ಲಿ ಬಿಡದವನು ಎರಡು ಸುತ್ತು ತಿರುಗಬೇಕು. ಯಾರೂ ನೋಡಲಿಲ್ಲವೆಂದು ಸುಮ್ಮನೆ ಮುಂದುವರಿಯುವುದು ಹೇಡಿತನವೆನಿಸುತ್ತದೆ. ನಿಯಮಾವಳಿಯ ಮೊದಲನೆಯ ನಿಯಮವಂತೂ ಗೆಲುವನ್ನು ಕುರಿತುದೇ ಅಲ್ಲ: ಅಪಾಯದಲ್ಲಿರುವವರಿಗೆ ಸಾಧ್ಯವಾದ ಎಲ್ಲ ನೆರವನ್ನೂ ನೀಡಬೇಕು. 1988ರ ಸಿಯೋಲ್ ಒಲಿಂಪಿಕ್ಸಿನಲ್ಲಿ ಕೆನಡಾದ ಲಾರೆನ್ಸ್ ಲೆಮ್ಯೂ ಎರಡನೆಯ ಸ್ಥಾನದಲ್ಲಿ ಸಾಗುತ್ತಿದ್ದಾಗ, ಬೇರೊಂದು ಪಂದ್ಯದ ಸಿಂಗಪುರದ ದೋಣಿ ಮಗುಚಿ ಇಬ್ಬರು ನೀರಿಗೆ ಬಿದ್ದುದನ್ನು ಕಂಡನು. ಪದಕದ ಆಸೆಯನ್ನು ಬಿಟ್ಟು ದೋಣಿ ತಿರುಗಿಸಿ ಅವರನ್ನು ಉಳಿಸಿದನು. ಪಂದ್ಯದ ಪದಕ ಅವನಿಗೆ ದೊರೆಯಲಿಲ್ಲ. ಆದರೆ ಕೂಬರ್ತಾಂ ಪದಕದ ಗೌರವ ಅವನನ್ನು ಅರಸಿ ಬಂದಿತು.

ದಂಡೆಯ ಮೇಲಿನ ಬಾಳೂ ಇದೇ ಪಾಠದ ಮುಂದುವರಿಕೆ. ದೋಣಿಯನ್ನು ನೀರಿಗಿಳಿಸಲು ನಾಲ್ಕು ಕೈ ಬೇಕು. ಇಂದು ಗೆದ್ದವನ ದೋಣಿಗೆ ಸೋತವನೂ ಹೆಗಲು ಕೊಡುತ್ತಾನೆ. ಮಗುಚಿದ ದೋಣಿಯನ್ನು ಮೇಲೆತ್ತುವುದು, ಒದ್ದೆಯಾದ ಹಾಯಿಯನ್ನು ಒಣಗಿಸಿ ಮಡಿಸುವುದು, ಗಂಟುಗಳನ್ನು ಕಣ್ಣುಮುಚ್ಚಿ ಹಾಕುವುದು ಇವೆಲ್ಲ ಕಲಿತಮೇಲೆ ಪಂದ್ಯ. ಕೊಡಗಿನ ಮನೆತನದ ಕೆ. ಸಿ. ಗಣಪತಿ ಅವರು ಜೊತೆಗಾರ ವರುಣ್ ಠಕ್ಕರ್ ಅವರೊಡನೆ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದು, ಟೋಕಿಯೋ ಒಲಿಂಪಿಕ್ಸಿಗೂ ಹೋಗಿಬಂದುದನ್ನು ನೆನೆದರೆ ಈ ವಿದ್ಯೆ ನಮ್ಮವರಿಗೆ ಒಗ್ಗದುದೆಂದು ಯಾರೂ ಹೇಳಲಾರರು.

ಆದರೆ ಹಾಯಿಗೆ ಮೊದಲು ಬೇಕಾದುದು ಬದುಕಿರುವ ನೀರು. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುವು. ಮಗುಚಿ ಬೀಳುವುದೇ ಮೊದಲ ಪಾಠವಾದ ಆಟದಲ್ಲಿ, ಮಕ್ಕಳು ಬೀಳುವ ನೀರು ಎಂಥದು ಎಂಬುದು ಸಣ್ಣ ಮಾತಲ್ಲ. ಕೊಳಚೆ ಹರಿದರೆ ಜಲಕಳೆ ಬೆಳೆಯುತ್ತದೆ; ಕಳೆ ಬೆಳೆದರೆ ದೋಣಿಯ ಅಡಿಹಲಗೆ ಸಿಕ್ಕಿಕೊಳ್ಳುತ್ತದೆ; ಹಾಯಿ ಎಷ್ಟು ಉಬ್ಬಿದರೂ ದೋಣಿ ಕದಲದು. ಕೆರೆಯ ಆರೋಗ್ಯವನ್ನು ಹಾಯಿಗಾರನಷ್ಟು ಬೇಗ ಅರಿಯುವವರು ಬೇರೊಬ್ಬರಿಲ್ಲ.

ಪಿಲಿಕುಳದ ದಂಡೆಯಲ್ಲಿ ರಜೆಯ ದಿನ ದೋಣಿಗಾಗಿ ಕಾದು ನಿಂತ ಮಕ್ಕಳಲ್ಲಿ ಹಾಯಿಯ ಹಗ್ಗವನ್ನು ಹಿಡಿದು ನೋಡಿದವರು ವಿರಳ. ಅವರ ಕರಾವಳಿಯ ಹಿರಿಯರು ಗಾಳಿಯನ್ನು ಓದಿ ಅನ್ನ ಸಂಪಾದಿಸಿದವರು. ಓದು ಮರೆತಿರಬಹುದು, ಗಾಳಿ ಇನ್ನೂ ಪ್ರತಿ ಮಧ್ಯಾಹ್ನ ಕಡಲಿಂದ ಎದ್ದು ಗುಡ್ಡಗಳ ಕಡೆಗೆ ಬೀಸುತ್ತಲೇ ಇದೆ.