ಸುರೇಬಾನದ ಸದ್ದಿಲ್ಲದ ದಾರಿ

ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲೂಕಿನ ಸುರೇಬಾನವನ್ನು ಬಲ್ಲವರು ಸಾಮಾನ್ಯವಾಗಿ ಎರಡು ಕಾರಣಗಳಿಂದ ಬಲ್ಲರು. ಒಂದು, ಅಲ್ಲಿಯ ಕೈಮಗ್ಗ. ಇನ್ನೊಂದು, ಊರಿಗೆ ಸಮೀಪದ ಬೆಟ್ಟದ ಮಡಿಲಲ್ಲಿರುವ ಶಬರಿಕೊಳ್ಳ. ಮೂರನೆಯದೊಂದನ್ನು ನಾನು ನನ್ನ ಅರವತ್ತಾರನೆಯ ವಯಸ್ಸಿನಲ್ಲಿ ಕಂಡುಕೊಂಡೆ. ಹೊಲಗಳ ನಡುವೆ ಹಾದುಹೋಗುವ, ಮೋಟಾರಿನ ಸದ್ದಿಲ್ಲದ ಚಕ್ಕಡಿ ದಾರಿಯೇ ಅದು. ಕಂಡುಕೊಂಡೆನೆಂದರೆ ತಪ್ಪಾದೀತು, ಮರೆತದ್ದು ಮರಳಿ ದೊರೆಯಿತೆನ್ನಬೇಕು.

ಬಾಲ್ಯದಲ್ಲಿ ನಾನು ಮಠದ ಪ್ರಸಾದನಿಲಯದಲ್ಲಿದ್ದು ಓದಿದವನು. ಆಗ ನಮಗೆಲ್ಲ ಇದ್ದದ್ದು ಒಂದೇ ಸೈಕಲ್. ಸುಗ್ಗಿಯ ಕಾಲಕ್ಕೆ ಭಕ್ತರ ಮನೆಗಳಿಂದ ಜೋಳ, ಕಡಲೆ, ಶೇಂಗಾ ತರಲು ನಾನೂ ನನ್ನ ಸಹಪಾಠಿಯೊಬ್ಬರೂ ಹಳ್ಳಿಹಳ್ಳಿಗೆ ಹೋಗುತ್ತಿದ್ದೆವು. ಹೋಗುವಾಗ ಇಬ್ಬರೂ ಸವಾರರು. ಬರುವಾಗ ಚೀಲವೇ ಸವಾರ, ನಾವು ಅದರ ಎರಡು ಬದಿಯ ಸೇವಕರು. ನಮ್ಮ ಗುರುಗಳು ಒಂದು ಉಪಾಯ ಹೇಳಿಕೊಟ್ಟಿದ್ದರು. ಪೆಡಲಿನ ಒಂದೊಂದು ತುಳಿತಕ್ಕೆ ಷಡಕ್ಷರಿ ಮಂತ್ರದ ಒಂದೊಂದು ಅಕ್ಷರ. ಪೆಡಲು ಮೂರು ಸುತ್ತು ತಿರುಗುವಷ್ಟರಲ್ಲಿ ಒಂದು ಮಂತ್ರ ಪೂರ್ಣವಾಗುತ್ತಿತ್ತು. ಎಷ್ಟು ಮೈಲು ಸಾಗಿದೆವೆಂಬ ಎಣಿಕೆ ತಪ್ಪುತ್ತಿತ್ತು, ದಣಿವೂ ಮರೆಯುತ್ತಿತ್ತು.

ಆ ಸಹಪಾಠಿ ಹನ್ನೊಂದು ವರ್ಷಗಳ ಹಿಂದೆ ಒಂದು ಮುಂಜಾನೆ ಡಾಂಬರು ರಸ್ತೆಯ ಅಂಚಿನಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದಾಗ ಹಿಂದಿನಿಂದ ಬಂದ ವಾಹನವೊಂದು ತಾಗಿ ಲಿಂಗೈಕ್ಯರಾದರು. ಅಂದಿನಿಂದ ನಮ್ಮ ಮನೆಯಲ್ಲಿ ಸೈಕಲ್ಲಿನ ಮಾತೇ ನಿಂತಿತು. ನನ್ನದನ್ನು ಕೊಟ್ಟುಬಿಟ್ಟೆ. ಸೊಸೆಯದು ಅಟ್ಟ ಸೇರಿತು. ಅದು ಅವಳು ಎಂಟನೆಯ ತರಗತಿಯಲ್ಲಿದ್ದಾಗ, 2007ರಲ್ಲಿ, ಶಾಲಾ ಮಕ್ಕಳಿಗೆ ಸರಕಾರ ಕೊಟ್ಟ ಸೈಕಲ್ಲುಗಳಲ್ಲಿ ಒಂದು. ಅದನ್ನು ಏರಿಯೇ ಅವಳು ಹತ್ತನೆಯ ತರಗತಿ ಮುಗಿಸಿದವಳು.

ಈಗ ಮೊಮ್ಮಗಳಿಗೆ ಏಳನೆಯ ತರಗತಿ. ಬರುವ ಜೂನಿನಿಂದ ಅವಳು ನಮ್ಮ ಹಳ್ಳಿಯಿಂದ ಸುರೇಬಾನದ ಹೈಸ್ಕೂಲಿಗೆ ಹೋಗಬೇಕು. ಬಸ್ಸು ತುಂಬಿಕೊಂಡೇ ಬರುತ್ತದೆ. ಕೆಲವೊಮ್ಮೆ ನಿಲ್ಲುವುದೂ ಇಲ್ಲ. ಒಂದು ಸಂಜೆ ಅವಳು, "ಅಜ್ಜಾ, ಅವ್ವನ ಸೈಕಲ್ ಇಳಿಸಿಕೊಡ್ರಿ" ಎಂದಳು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಥಟ್ಟನೆ ನಿಂತಿತು. ಸೊಸೆ ಹೊರಗೆ ಬರಲಿಲ್ಲ, ಮಾತನ್ನೂ ಆಡಲಿಲ್ಲ. ಆ ಮೌನದ ಅರ್ಥ ನನಗೆ ತಿಳಿಯಿತು.

ಅದೇ ದಿನಗಳಲ್ಲಿ, ಫ್ರಾನ್ಸ್ ದೇಶದಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಪತ್ರ ಬಂದಿತ್ತು. ರಜೆಯಲ್ಲಿ ಹೆಂಡತಿ ಮಕ್ಕಳೊಡನೆ ಅಲ್ಲಿಯ ಹಳ್ಳಿಗಾಡಿನಲ್ಲಿ ಸೈಕಲ್ ಪ್ರವಾಸ ಮಾಡಿದ್ದನ್ನು ಬರೆದಿದ್ದ. ಬರ್ಗಂಡಿ ಪ್ರಾಂತದ ಜಿವ್ರಿ ಮತ್ತು ಕ್ಲುನಿ ಎಂಬ ಊರುಗಳ ನಡುವೆ ರೈಲು ನಿಂತುಹೋದ ಒಂದು ಹಳೆಯ ಹಾದಿಯಿದೆ. 1997ರಲ್ಲಿ ಅದನ್ನು ನಡೆಯುವವರಿಗೂ ಸೈಕಲ್ ಸವಾರರಿಗೂ ಬಿಟ್ಟುಕೊಟ್ಟು 'ಹಸಿರು ದಾರಿ' ಎಂದು ಕರೆದರು. ಮೋಟಾರಿಗೆ ಅಲ್ಲಿ ಪ್ರವೇಶವಿಲ್ಲ. ಕ್ಲುನಿಯೆಂದರೆ ಕ್ರಿ.ಶ. 910ರಲ್ಲಿ ಸ್ಥಾಪಿತವಾದ ಕ್ರೈಸ್ತ ಮಠದ ಊರು. ಒಂದು ಕಾಲಕ್ಕೆ ಯುರೋಪಿನ ಉದ್ದಗಲಕ್ಕೂ ಅದರ ಶಾಖಾಮಠಗಳಿದ್ದವು. ಮಠದ ಊರಿಗೆ ಮಕ್ಕಳು ನಿರ್ಭಯವಾಗಿ ಸೈಕಲ್ ತುಳಿದು ಹೋಗುತ್ತಾರೆಂಬ ಮಾತು ನನ್ನ ಮನಸ್ಸಿನಲ್ಲಿ ಬೇರೂರಿತು.

ಆ ದೇಶದಲ್ಲಿ ಸೈಕಲ್ ಪ್ರವಾಸವನ್ನು ಒಂದು ಜೀವನಧರ್ಮವಾಗಿ ಬೆಳೆಸಿದವರು ಪಾಲ್ ದ ವಿವಿ ಎಂಬವರು. 'ವೆಲೋಸಿಯೊ' ಎಂಬುದು ಅವರ ಅಂಕಿತನಾಮ. 1853ರಲ್ಲಿ ಹುಟ್ಟಿ 1930ರಲ್ಲಿ ತೀರಿಕೊಂಡ ಅವರು ರೇಷ್ಮೆಯ ವ್ಯಾಪಾರ ಬಿಟ್ಟು ಸೈಕಲ್ಲಿಗೆ ಬಂದವರು. ಇದನ್ನು ನಮ್ಮ ಸುರೇಬಾನದ ನೇಕಾರ ಬಂಧುಗಳು ಗಮನಿಸಬೇಕು. ಸೇಂಟ್ ಎಟಿಯನ್ ಎಂಬ ಊರಿನಲ್ಲಿದ್ದುಕೊಂಡು 1887ರಲ್ಲಿ ಸೈಕಲ್ಲಿಗೆಂದೇ ಒಂದು ಪತ್ರಿಕೆ ಆರಂಭಿಸಿದರು. ಶಾಕಾಹಾರಿಯಾಗಿದ್ದರು. ಸವಾರರಿಗೆ ಅವರು ವಿಧಿಸಿದ ನಿಯಮಗಳ ಸಾರವಿಷ್ಟು: ಹಸಿವಾಗುವ ಮೊದಲೇ ಉಣ್ಣಬೇಕು, ನೀರಡಿಕೆಗೆ ಮೊದಲೇ ಕುಡಿಯಬೇಕು, ದಣಿಯುವ ಮೊದಲೇ ಕೂಡಬೇಕು, ದಾರಿಯಲ್ಲಿ ಮದ್ಯ, ಮಾಂಸ, ತಂಬಾಕು ಮುಟ್ಟಬಾರದು, ಬಿಂಕಕ್ಕಾಗಿ ಎಂದೂ ಪೆಡಲು ತುಳಿಯಬಾರದು. ಸಾವಿರಾರು ಮೈಲಿ ದೂರದ ಮನುಷ್ಯನೊಬ್ಬ ನಮ್ಮ ಮಠದ ನಿಯಮಗಳನ್ನೇ ಗಾಲಿಯ ಮೇಲೆ ಏರಿಸಿದಂತೆ ನನಗೆ ತೋರಿತು.

ಎಳ್ಳಮಾವಾಸ್ಯೆಯ ಚರಗ ಮುಗಿದ ಮರುವಾರ ಅಟ್ಟದಿಂದ ಸೈಕಲ್ ಇಳಿಯಿತು. ಟಾಯರು ಟ್ಯೂಬು ಹೊಸದಾದವು, ಚೈನಿಗೆ ಎಣ್ಣೆ ಬಿತ್ತು. ನನಗೆ ನೆರೆಮನೆಯವರ ಸೈಕಲ್ ಸಿಕ್ಕಿತು. ಡಾಂಬರು ರಸ್ತೆಗೆ ಕಾಲಿಡದೆ ಸುರೇಬಾನಕ್ಕೂ ಅಲ್ಲಿಂದ ಶಬರಿಕೊಳ್ಳಕ್ಕೂ ಹೋಗಲು ಬರುವುದೇ ಎಂದು ನೋಡುವುದು ನಮ್ಮ ಸಂಕಲ್ಪ. ಸೊಸೆ ಬುತ್ತಿ ಕಟ್ಟಿಕೊಟ್ಟಳು: ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. "ಹಗೂರಕ ಹೋಗ್ರಿ" ಎಂದಷ್ಟೇ ಹೇಳಿದಳು.

ಮೂಡಲಲ್ಲಿ ಬೆಳಕು ಹರಿಯುವ ಹೊತ್ತಿಗೆ ನಾವು ಚಕ್ಕಡಿ ದಾರಿಯಲ್ಲಿದ್ದೆವು. ಎರಡೂ ಬದಿಗೆ ಎರಿಭೂಮಿ. ಎದೆಯುದ್ದದ ಬಿಳಿಜೋಳ, ಅದರಾಚೆ ಕಡಲೆ, ನಡುನಡುವೆ ಹಳದಿ ಹೂ ಹೊತ್ತ ಕುಸುಬಿಯ ಸಾಲು. ಇಬ್ಬನಿಯಲ್ಲಿ ಹುಳಿಯೇರಿದ ಕಡಲೆಯ ವಾಸನೆ. ವಾಹನದಲ್ಲಿ ಹೋಗುವವನಿಗೆ ಹೊಲ ಒಂದು ಬಣ್ಣ ಮಾತ್ರ. ಸೈಕಲ್ ಸವಾರನಿಗೆ ಅದು ವಾಸನೆ, ಗಾಳಿ, ಹಕ್ಕಿಯ ಕೂಗು. ನಡೆಯುವವನಿಗಿಂತ ಮೂರು ಪಟ್ಟು ಬೇಗ ಸಾಗಿದರೂ ದಾರಿಯಲ್ಲಿ ಸಿಕ್ಕವರಿಗೆ ಶರಣು ಹೇಳುವಷ್ಟು ವ್ಯವಧಾನ ಅವನಿಗಿರುತ್ತದೆ. ಜಂಗಮವೆಂದರೆ ಚಲಿಸುವುದು, ಆದರೆ ಕಂಡವರನ್ನು ಕಾಣದಂತೆ ಓಡುವುದು ಚಲನೆಯಲ್ಲ.

ಹಳ್ಳದ ದಂಡೆಯ ಹೊಲದಲ್ಲಿ ರೈತರೊಬ್ಬರು ಸೀತನಿ ಸುಡುತ್ತಿದ್ದರು. "ಬರ್ರಿ ಗುರುಗಳ, ಮಗೀನ್ನ ಕರಕೊಂಡು ಬರ್ರಿ. ಸೈಕಲ್ ಮ್ಯಾಲೆ ಎಲ್ಲಿಗೆ ಹೊಂಟ್ರಿ ಈ ವಯಸ್ಸಿನಾಗ?" ಎಂದರು. ಕಾರಣ ಹೇಳಿದೆ. ಅವರು ತೆನೆಯನ್ನು ಅಂಗೈಯಲ್ಲಿ ತಿಕ್ಕುತ್ತ, "ನಮ್ಮ ಮನೀ ಹುಡುಗಿನೂ ಅದಕ್ಕ ಸಾಲಿ ಬಿಟ್ಟಳ್ರೀ" ಎಂದರು. ಬಿಸಿ ಸೀತನಿ ಕೈಗೆ ಬಂದರೂ ಕೆಲಹೊತ್ತು ಬಾಯಿಗೆ ಹೋಗಲಿಲ್ಲ. ಅಲ್ಲಿಯವರೆಗೆ ಇದು ನಮ್ಮ ಮನೆಯೊಂದರ ಪ್ರಶ್ನೆಯೆಂದು ನಾನು ತಿಳಿದಿದ್ದೆ.

ಸುರೇಬಾನ ಹತ್ತಿರವಾದಂತೆ ಮಗ್ಗದ ಸಪ್ಪಳ ಕಿವಿಗೆ ಬಿತ್ತು. ಹೈಸ್ಕೂಲಿನ ಹಿಂದಿನ ಓಣಿಗೇ ಬಂದು ಮುಟ್ಟಿದ್ದೆವು. ಗಡಿಯಾರ ನೋಡಿದರೆ, ಸೀತನಿಯ ಹೊತ್ತು ಬಿಟ್ಟು, ಮೂವತ್ತೈದು ನಿಮಿಷ. ಅಲ್ಲಿಂದ ಶಬರಿಕೊಳ್ಳ. ಬಯಲಿನ ಕರಿಮಣ್ಣು ಮುಗಿದು ಕೆಂಗಲ್ಲಿನ ಬೆಟ್ಟ ಎದ್ದು ನಿಲ್ಲುತ್ತದೆ. ಏರಿನಲ್ಲಿ ಇಳಿದು ಸೈಕಲ್ ನೂಕಿದೆವು. ಬಿಂಕ ಸಲ್ಲದಷ್ಟೇ. ಕೊಳ್ಳದ ತಂಪಿನಲ್ಲಿ ಶಬರಿಯ ಗುಡಿ, ನೀರಿನ ಹೊಂಡ. ಶ್ರೀರಾಮನಿಗಾಗಿ ಶಬರಿ ಬಾರೆಹಣ್ಣು ಆಯ್ದು ಕಾದಿದ್ದುದು ಇಲ್ಲಿಯೇ ಎಂಬುದು ಜನಪದರ ನಂಬಿಕೆ. ಆ ಮುದುಕಿ ದಾರಿ ಗುಡಿಸಿ ಕಾದವಳೆಂದು ಹೇಳಿದಾಗ ಮೊಮ್ಮಗಳು, "ದಾರಿ ಸ್ವಚ್ಛ ಇದ್ರ ಬರೋರು ಬರ್ತಾರ, ಅಲ್ಲೇನಜ್ಜಾ?" ಎಂದಳು. ಹಸಿವಾಗುವ ಮೊದಲೇ ಬುತ್ತಿ ಬಿಚ್ಚಿದೆವು.

ಮರಳುವಾಗ ಜಾಲಿಯ ಮುಳ್ಳು ಚುಚ್ಚಿ ನನ್ನ ಗಾಲಿಯ ಗಾಳಿ ಹೋಯಿತು. ಪಂಪು, ಪಂಕ್ಚರ್ ಸಾಮಾನು ಜೊತೆಗಿದ್ದವು. ಹಳ್ಳದ ನೀರಿನಲ್ಲಿ ಟ್ಯೂಬು ಮುಳುಗಿಸಿ, ಗುಳ್ಳೆ ಏಳುವ ಕಡೆ ಬೆರಳಿಡುವುದನ್ನು ಅವಳಿಗೆ ಕಲಿಸಿದೆ. ಈ ವಿದ್ಯೆಯನ್ನು ನನಗೆ ಕಲಿಸಿದವರು ಆ ಸಹಪಾಠಿಯೇ. ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ಅವರನ್ನು ರಸ್ತೆಯ ಅಂಚಿನಲ್ಲಲ್ಲ, ಹಳ್ಳದ ದಂಡೆಯ ಮೇಲೆ ನಗುತ್ತ ಕುಳಿತವರಂತೆ ನೆನೆದೆ.

ಈ ಭಾಗದಲ್ಲಿ ಮನಸ್ಸಿದ್ದವರಿಗೆ ನೋಡುವ ಸ್ಥಳಗಳಿಗೆ ಕೊರತೆಯಿಲ್ಲ. ಮಲಪ್ರಭೆಯ ದಂಡೆಯ ತೊರಗಲ್ಲಿನಲ್ಲಿ ಕೋಟೆ, ಭೂತನಾಥ ಗುಡಿ, ಗೊಡಚಿಯಲ್ಲಿ ವೀರಭದ್ರೇಶ್ವರ, ಮೇಲ್ಗಡೆ ಮುನವಳ್ಳಿ, ನವಿಲುತೀರ್ಥದ ಅಣೆಕಟ್ಟು, ಸವದತ್ತಿಯ ಯಲ್ಲಮ್ಮನ ಗುಡ್ಡ, ಸೊಗಲದ ಸೋಮೇಶ್ವರ, ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿ, ಅದರಾಚೆ ಕಿತ್ತೂರು. ಹೊಳೆಯ ಕೆಳಗಡೆ ಪಟ್ಟದಕಲ್ಲು, ಐಹೊಳೆ, ಕೊನೆಗೆ ಕೂಡಲಸಂಗಮ. ಫ್ರಾನ್ಸಿನವರು ಲ್ವಾರ್ ನದಿಯನ್ನು ಹಿಡಿದು ಸುಮಾರು 900 ಕಿಲೋಮೀಟರು ಸೈಕಲ್ ದಾರಿ ಮಾಡಿಕೊಂಡಿದ್ದಾರಂತೆ. ಕಣಕುಂಬಿಯಲ್ಲಿ ಹುಟ್ಟಿ ಸಂಗಮದಲ್ಲಿ ಕೃಷ್ಣೆಯನ್ನು ಕೂಡುವ ನಮ್ಮ ಮಲಪ್ರಭೆಯ ಉದ್ದ ಅದರ ಮೂರನೆಯ ಒಂದು ಭಾಗ, ಸುಮಾರು 304 ಕಿಲೋಮೀಟರು. ಇಲ್ಲಿ ಹೊಸ ದಾರಿ ಕಡಿಯಬೇಕಾಗಿಲ್ಲ. ಊರೂರಿನ ಹೊಲದ ದಾರಿಗಳನ್ನು ಒತ್ತುವರಿಯಾಗದಂತೆ ಉಳಿಸಿಕೊಂಡರೆ ಬಹುಪಾಲು ಸಾಕು.

ಹೋಗಬಯಸುವವರು ಸುಗ್ಗಿಯ ದಿನಗಳನ್ನೇ ಆರಿಸಿಕೊಳ್ಳಬೇಕು. ಮಳೆಗಾಲದಲ್ಲಿ ಎರಿಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಸಿಕ್ಕಿಕೊಂಡು ಸೈಕಲ್ ಹೆಜ್ಜೆ ಮುಂದಿಡದು. ಚೈತ್ರ ಕಳೆದರೆ ಬಿಸಿಲು ತಡೆಯಲಾಗದು. ಮಕ್ಕಳ ಶಾಲೆ ಮಾತ್ರ ಮಳೆಗಾಲದಲ್ಲೇ ಆರಂಭವಾಗುವುದು! ಆದ್ದರಿಂದ ನಾನೂ ಸೀತನಿ ಕೊಟ್ಟ ಆ ರೈತರೂ ಸೇರಿ, ದಾರಿಗೆ ಗರಸು ಹಾಕಿಸಿ ಹಳ್ಳಕ್ಕೆ ಒಂದು ಸಿಡಿ ಕಟ್ಟಿಸಿಕೊಡಬೇಕೆಂದು ಗ್ರಾಮ ಪಂಚಾಯತಿಗೆ ಅರ್ಜಿ ಬರೆದೆವು. ಹೊಲದವರಲ್ಲಿ ಇಪ್ಪತ್ತಮೂರು ಜನ ಸಹಿ ಹಾಕಿದರು. ಇಬ್ಬರು ಮೊದಲು ಒಲ್ಲೆನೆಂದವರು, ಹೆಣ್ಣುಮಕ್ಕಳ ಶಾಲೆಯ ಮಾತು ಕೇಳಿ ಹೆಬ್ಬೆಟ್ಟು ಒತ್ತಿದರು. ಅರ್ಜಿಯ ಗತಿ ಏನಾಗುವುದೋ ಕಾದು ನೋಡಬೇಕು.

ಅರ್ಜಿ ಕೊಟ್ಟುಬಂದ ಮರುದಿನ ಬೆಳಗಿನ ಪೂಜೆ ಮುಗಿಸಿ ಹೊರಗೆ ಬಂದರೆ ಅಂಗಳದಲ್ಲಿ ಸೈಕಲ್ ಇರಲಿಲ್ಲ. ಮೊಮ್ಮಗಳು ಕಟ್ಟೆಯ ಮೇಲೆ ಕುಳಿತಿದ್ದಳು. "ನಿಮ್ಮವ್ವ ಎಲ್ಲಿ?" ಎಂದೆ. ಅವಳು ಹೊಲದ ದಾರಿಯ ಕಡೆ ಕೈಮಾಡಿ, "ಮೊದಲ ತಾನ ನೋಡಿ ಬರ್ತಾಳಂತ" ಎಂದಳು. ಜೋಳದ ತೆನೆಗಳ ಮೇಲೆ ಸೊಸೆಯ ಸೆರಗು ಮಾತ್ರ ಕಾಣುತ್ತಿತ್ತು. ಹಗುರವಾಗಿ, ಒಂದೇ ಸಮನೆ ಅದು ಸುರೇಬಾನದ ಕಡೆಗೆ ಸಾಗುತ್ತಿತ್ತು.