ಒತ್ತಕ್ಷರ ಕಾಣುವ ಪರದೆ

ಕಡಿಮೆ ಬೆಲೆಗೆ ಯಾವ ಮಾನಿಟರ್ ಕೊಳ್ಳಲಿ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಅದರಲ್ಲಿ ಕನ್ನಡ ಓದುತ್ತೀರಾ? ಗೇಮ್ ಆಡುವವರಿಗೆ, ಸಿನಿಮಾ ನೋಡುವವರಿಗೆ, ಫೋಟೊ ತಿದ್ದುವವರಿಗೆ ಸಲಹೆ ಕೊಡಲು ಲೋಕದ ತುಂಬ ಜನರಿದ್ದಾರೆ. ದಿನವಿಡೀ ಕನ್ನಡದ ಸಾಲುಗಳ ಮೇಲೆ ಕಣ್ಣು ನೆಟ್ಟು ಕೂತವರನ್ನು ವಿಚಾರಿಸುವವರು ಕಡಿಮೆ. ಡಿಟಿಪಿ ಮಾಡುವವರು, ಕರಡು ತಿದ್ದುವವರು, ಪತ್ರಿಕೆಯ ಉಪಸಂಪಾದಕರು, ತಾಲ್ಲೂಕು ಕಚೇರಿಯಲ್ಲಿ ಪಹಣಿ ತೆಗೆದುಕೊಡುವವರು, ಕೋರ್ಟಿನ ಎದುರಿನ ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡುವವರು. ಇವರ ಸಂಬಳವೂ ದೊಡ್ಡದಲ್ಲ, ಇವರಿಗೆ ಸಿಗುವ ಪರದೆಯೂ ಒಳ್ಳೆಯದಲ್ಲ. ಇವರ ಪರವಾಗಿಯೇ ಈ ಮಾತು.

ನಮ್ಮ ಲಿಪಿ ಪರದೆಯ ಚುಕ್ಕಿಗಳಿಂದ (ಪಿಕ್ಸೆಲ್‌ಗಳಿಂದ) ಕೇಳುವ ಕೆಲಸ ಸಣ್ಣದಲ್ಲ. ದಕ್ಕೂ ಧಕ್ಕೂ ಇರುವ ವ್ಯತ್ಯಾಸ ಬುಡದಲ್ಲಿ ಸೀಳಿದ ಒಂದು ಪುಟ್ಟ ಗೀಟು. ಬ ಭ, ಡ ಢ, ಪ ಫ ಎಲ್ಲಕ್ಕೂ ಅದೇ ಗೀಟು. ಠ ಎಂಬುದು ಹೊಟ್ಟೆಯೊಳಗೆ ಚುಕ್ಕೆ ಇಟ್ಟುಕೊಂಡ ರ. ಥ ಬರೆಯಲು ಚುಕ್ಕೆಯೂ ಬೇಕು, ಗೀಟೂ ಬೇಕು. ಪ ಹೋಗಿ ಷ ಆಗುವುದು ಒಳಗಿನ ಒಂದು ಅಡ್ಡಗೆರೆಯಿಂದ. ಇನ್ನು ‘ರಾಷ್ಟ್ರ’, ‘ಲಕ್ಷ್ಮಿ’, ‘ಸ್ವಾತಂತ್ರ್ಯ’ ಮುಂತಾದ ಪದಗಳನ್ನು ನೋಡಿ: ಮೂಲಾಕ್ಷರ, ಅದರ ನೆತ್ತಿಯ ಮೇಲೆ ತಲೆಕಟ್ಟೋ ಗುಡಿಸೋ, ಕಾಲ ಬಳಿ ಒಂದು ಒತ್ತು, ಆ ಒತ್ತಿಗೆ ತಗುಲಿಕೊಂಡು ಇನ್ನೊಂದು. ಇಂಗ್ಲಿಷಿನ ಅಕ್ಷರ ಒಂದೇ ಅಂತಸ್ತಿನಲ್ಲಿ ಆರಾಮವಾಗಿ ಕೂರುವ ಎತ್ತರದಲ್ಲಿ ಕನ್ನಡದ ಮೂರು ಅಂತಸ್ತು ಹೊಂದಿಕೊಳ್ಳಬೇಕು. 12 ಪಾಯಿಂಟಿನ ಅಕ್ಷರಕ್ಕೆ ವಿಂಡೋಸ್ ಸಾಮಾನ್ಯವಾಗಿ ಕೊಡುವ ಎತ್ತರ 16 ಚುಕ್ಕಿ. ಅದರಲ್ಲಿ ಒತ್ತಿನ ಪಾಲಿಗೆ ಬರುವುದು ಬೆರಳೆಣಿಕೆಯ ಚುಕ್ಕಿಗಳು. ಅವೂ ಮಸುಕಾದರೆ ಓದುವವರು ಪದವನ್ನು ನೋಡುವುದಿಲ್ಲ, ಊಹಿಸುತ್ತಾರೆ. ಕರಡು ತಿದ್ದುವವರು ಊಹಿಸಿ ಓದಿದರೆ ತಪ್ಪು ಉಳಿಯಿತೆಂದೇ ಲೆಕ್ಕ.

ಆದ್ದರಿಂದ ನನ್ನ ಮಟ್ಟಿಗೆ ಮಾನಿಟರಿನ ಮೊದಲ ಲೆಕ್ಕ ಒಂದು ಇಂಚಿಗೆ ಎಷ್ಟು ಚುಕ್ಕಿ ಎಂಬುದು. ಫುಲ್ ಎಚ್‌ಡಿ ಎಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ. ಪರದೆ 21.5 ಇಂಚಿನದಾಗಲಿ 27 ಇಂಚಿನದಾಗಲಿ, ಚುಕ್ಕಿಗಳ ಸಂಖ್ಯೆ ಅಷ್ಟೇ. 21.5 ಇಂಚಿನಲ್ಲಿ ಇಂಚಿಗೆ ಸುಮಾರು 102 ಚುಕ್ಕಿ ಬರುತ್ತವೆ, 24 ಇಂಚಿನಲ್ಲಿ 92, 27ರಲ್ಲಿ ಬರೀ 82. ಅಂಗಡಿಯಲ್ಲಿ 27 ಇಂಚಿನ ಫುಲ್ ಎಚ್‌ಡಿ ಪರದೆ ಕಣ್ಣು ತುಂಬುತ್ತದೆ, ಬೆಲೆಯೂ ಸ್ವಲ್ಪವೇ ಹೆಚ್ಚು, ಮನಸ್ಸು ಅತ್ತ ಓಡುತ್ತದೆ. ಮೇಜಿನ ಮೇಲಿಟ್ಟು ಒಂದು ತೋಳಿನ ದೂರದಲ್ಲಿ ಕೂತು ಓದಿದರೆ ಅಕ್ಷರದ ಅಂಚು ಗರಗಸದ ಹಲ್ಲಿನಂತಾಗಿರುತ್ತದೆ. 27 ಇಂಚೇ ಬೇಕೆಂದರೆ 2560ಕ್ಕೆ 1440 ಚುಕ್ಕಿಯದನ್ನು ಕೊಳ್ಳಿ, ಇಂಚಿಗೆ 109 ಚುಕ್ಕಿ ಸಿಗುತ್ತವೆ. ಆದರೆ ಅದು ಇನ್ನೊಂದು ಬೆಲೆಯ ಲೋಕ. ಏಳೆಂಟರಿಂದ ಹತ್ತು ಸಾವಿರದೊಳಗೆ ವ್ಯವಹಾರ ಮುಗಿಯಬೇಕಾದರೆ 22 ಇಲ್ಲವೇ 24 ಇಂಚು. ಇದರಲ್ಲಿ ನನಗೆ ಸಂದೇಹವೇ ಇಲ್ಲ.

ಎರಡನೆಯ ಲೆಕ್ಕ ಪ್ಯಾನೆಲ್. ಇಲ್ಲಿ ಮೊದಲು ಒಂದು ಗೊಂದಲ ಬಿಡಿಸಬೇಕು. ಡಬ್ಬಿಯ ಮೇಲೆ ದೊಡ್ಡದಾಗಿ ‘ಎಲ್‌ಇಡಿ ಮಾನಿಟರ್’ ಎಂದು ಬರೆದಿರುತ್ತದೆ. ಎಲ್‌ಇಡಿ ಎನ್ನುವುದು ಹಿಂದಿನಿಂದ ಬೆಳಕು ಬಿಡುವ ದೀಪ, ಅಷ್ಟೇ. ಚಿತ್ರ ಮೂಡಿಸುವುದು ಅದರ ಮುಂದಿನ ಎಲ್‌ಸಿಡಿ, ಅಂದರೆ ಎರಡು ಗಾಜಿನ ನಡುವೆ ಹಿಡಿದಿಟ್ಟ ದ್ರವಸ್ಫಟಿಕ. ಅದರ ಅಣುಗಳು ಕಡ್ಡಿಯಾಕಾರದವು. ಗಾಳಿ ಬೀಸಿದಾಗ ಗದ್ದೆಯ ಪೈರೆಲ್ಲ ಒಂದೇ ಕಡೆ ವಾಲುವಂತೆ ಇವೂ ಒಂದೇ ದಿಕ್ಕಿಗೆ ಮುಖಮಾಡಿ ನಿಲ್ಲುತ್ತವೆ, ವಿದ್ಯುತ್ತು ತಾಕಿದರೆ ದಿಕ್ಕು ಬದಲಿಸುತ್ತವೆ. ಗಾಜುಗಳಿಗೆ ಅಂಟಿಸಿದ ಧ್ರುವೀಕರಣದ ಹಾಳೆಗಳ ನಡುವೆ ಬೆಳಕನ್ನು ದಾಟಿಸುವುದೋ ತಡೆಯುವುದೋ ಈ ದಿಕ್ಕಿನ ಮೇಲೆ ನಿಂತಿದೆ. ಅಣುಗಳನ್ನು ಜೋಡಿಸುವ ರೀತಿಯಿಂದ ಪ್ಯಾನೆಲ್ ಮೂರು ಬಗೆ: ಟಿಎನ್, ವಿಎ, ಐಪಿಎಸ್. ಟಿಎನ್ ಪ್ಯಾನೆಲ್‌ನಲ್ಲಿ ಅಣುಗಳು ಹಿಂದಿನ ಗಾಜಿನಿಂದ ಮುಂದಿನ ಗಾಜಿನವರೆಗೆ 90 ಡಿಗ್ರಿ ತಿರುಚಿಕೊಂಡಿರುತ್ತವೆ, ವಿದ್ಯುತ್ತಿಗೆ ಎದ್ದು ನಿಲ್ಲುತ್ತವೆ. ವಿಎಯಲ್ಲಿ ಮೊದಲೇ ಗಾಜಿಗೆ ನೆಟ್ಟಗೆ ನಿಂತಿರುತ್ತವೆ, ವಿದ್ಯುತ್ತಿಗೆ ವಾಲುತ್ತವೆ. ಐಪಿಎಸ್‌ನಲ್ಲಿ ಮಲಗಿದಲ್ಲೇ ಮಗ್ಗುಲು ಬದಲಿಸುತ್ತವೆ, ಏಳುವುದಿಲ್ಲ. ಎದ್ದು ನಿಂತ ಅಣು ಎದುರಿನಿಂದ ಒಂದು ಥರ, ಓರೆಯಿಂದ ಇನ್ನೊಂದು ಥರ ಬೆಳಕು ಬಿಡುತ್ತದೆ. ಮಲಗಿ ತಿರುಗುವ ಅಣುವಿಗೆ ಆ ತೊಂದರೆ ಬಹಳ ಕಡಿಮೆ. ಐಪಿಎಸ್ ಪರದೆಯನ್ನು ಯಾವ ಪಕ್ಕದಿಂದ ನೋಡಿದರೂ ಬಣ್ಣ ಹೆಚ್ಚು ಕಡಿಮೆ ಹಾಗೇ ಇರುವ ಗುಟ್ಟು ಇದು.

ಈ ದ್ರವಸ್ಫಟಿಕದ ಕಥೆ ಶುರುವಾದದ್ದು ಗಜ್ಜರಿಯಿಂದ ಎಂದರೆ ಆಶ್ಚರ್ಯವಾಗುತ್ತದೆ. 1888ರಲ್ಲಿ ಪ್ರಾಗ್‌ನಲ್ಲಿದ್ದ ಆಸ್ಟ್ರಿಯದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಸರ್ ಗಜ್ಜರಿಯಿಂದ ತೆಗೆದ ಕೊಲೆಸ್ಟರಾಲಿನ ಒಂದು ಸಂಯುಕ್ತವನ್ನು ಕಾಯಿಸುತ್ತಿದ್ದರು. ಅದು 145.5 ಡಿಗ್ರಿಗೆ ಕರಗಿ ಮಬ್ಬು ದ್ರವವಾಯಿತು, 178.5 ಡಿಗ್ರಿಗೆ ತಿಳಿಯಾಯಿತು. ಒಂದೇ ವಸ್ತು ಎರಡು ಸಲ ಕರಗಿತು. ನಡುವಿನ ಆ ಮಬ್ಬು ಸ್ಥಿತಿಯೇ ದ್ರವಸ್ಫಟಿಕ. ಅದನ್ನು ಟಿಎನ್ ಪರದೆಯಾಗಿ ಪಳಗಿಸಿದ ಶಾಟ್ ಮತ್ತು ಹೆಲ್‌ಫ್ರಿಕ್ 1970ರಲ್ಲಿ ಕೆಲಸ ಮಾಡುತ್ತಿದ್ದುದು ಸ್ವಿಟ್ಜರ್ಲೆಂಡಿನ ಒಂದು ಔಷಧಿ ಕಂಪನಿಯಲ್ಲಿ, ಹಾಫ್‌ಮನ್ ಲಾ ರೋಷ್‌ನಲ್ಲಿ. ಐಪಿಎಸ್ ಪರದೆಯನ್ನು ಮಾರುಕಟ್ಟೆಗೆ ತಂದದ್ದು ಜಪಾನಿನ ಹಿಟಾಚಿ, 1996ರಲ್ಲಿ. ಸುಮಾರು ಅದೇ ಕಾಲಕ್ಕೆ ಫುಜಿತ್ಸು ವಿಎಯನ್ನು ತಂದಿತು.

ಈ ಕಥೆಯಲ್ಲಿ ನಮ್ಮ ಊರುಗಳದೂ ಒಂದು ಅಧ್ಯಾಯವಿದೆ. ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಸಿ.ವಿ. ರಾಮನ್ ಅವರ ಸೋದರಳಿಯ ಎಸ್. ಚಂದ್ರಶೇಖರ್ (ನೊಬೆಲ್ ಪಡೆದ ಖಗೋಳವಿಜ್ಞಾನಿ ಬೇರೆ, ಇವರು ಬೇರೆ) 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗದ ಮೊದಲ ಮುಖ್ಯಸ್ಥರಾಗಿ ಬಂದು ಮಾನಸಗಂಗೋತ್ರಿಯಲ್ಲಿ ದ್ರವಸ್ಫಟಿಕಗಳ ಅಧ್ಯಯನಕ್ಕೆ ತಳಪಾಯ ಹಾಕಿದರು. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದರು. ಅಲ್ಲಿಯವರೆಗೆ ಜಗತ್ತು ಕಂಡಿದ್ದುದು ಕಡ್ಡಿಯಾಕಾರದ ಅಣುಗಳ ದ್ರವಸ್ಫಟಿಕಗಳನ್ನು ಮಾತ್ರ. 1977ರಲ್ಲಿ ಚಂದ್ರಶೇಖರ್, ಸದಾಶಿವ ಮತ್ತು ಸುರೇಶ್ ಮೂವರು ಸೇರಿ ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗುತ್ತವೆ ಎಂದು ತೋರಿಸಿದರು. ಆ ಲೇಖನ ಅಚ್ಚಾದದ್ದು ಬೆಂಗಳೂರಿನಿಂದಲೇ ಹೊರಡುವ ‘ಪ್ರಮಾಣ’ ಪತ್ರಿಕೆಯಲ್ಲಿ. 1990ರ ದಶಕದಲ್ಲಿ ಜಪಾನಿನ ಫುಜಿ ಕಂಪನಿ ಇದೇ ಜಾತಿಯ ಬಿಲ್ಲೆ ಅಣುಗಳನ್ನು ಲೇಪಿಸಿದ ಹಾಳೆಯೊಂದನ್ನು ಮಾಡಿತು. ಟಿಎನ್ ಪರದೆಗೆ ಅದನ್ನು ಅಂಟಿಸಿದರೆ ಓರೆಯಿಂದ ನೋಡಿದಾಗ ಬಣ್ಣ ಕೆಡುವುದು ಎಷ್ಟೋ ಕಡಿಮೆಯಾಗುತ್ತಿತ್ತು. ಆ ಹಾಳೆ ಅಂಟಿಸಿಕೊಂಡ ಪರದೆಗಳು ಜಗತ್ತಿನ ಕಚೇರಿಗಳನ್ನೆಲ್ಲ ತುಂಬಿದವು. ಚಂದ್ರಶೇಖರ್ 1991ರಲ್ಲಿ ಜಾಲಹಳ್ಳಿಯಲ್ಲಿ ದ್ರವಸ್ಫಟಿಕ ಸಂಶೋಧನಾ ಕೇಂದ್ರವನ್ನೂ ಕಟ್ಟಿದರು. ಈಗ ಅದು ನ್ಯಾನೊ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರ. ನಮ್ಮ ಮಕ್ಕಳ ಪಠ್ಯದಲ್ಲಿ ಈ ಸಂಗತಿಗೆ ಅರ್ಧ ಪುಟವಾದರೂ ಸಿಗಬೇಕು.

ಇರಲಿ, ಅಂಗಡಿಗೆ ಬರೋಣ. ಟಿಎನ್ ಅನ್ನು ಈಗ ಹೊಸದಾಗಿ ಕೊಳ್ಳಲು ಕಾರಣವೇ ಇಲ್ಲ. ಕೆಳಗಿನಿಂದ ನೋಡಿದರೆ ಕಪ್ಪು ಬಿಳುಪು ಅದಲುಬದಲಾದಂತೆ ಕಾಣುತ್ತದೆ, ಬೆನ್ನು ಸ್ವಲ್ಪ ಜಾರಿಸಿ ಕೂತರೂ ಪರದೆಯ ಮೇಲಿನ ಸಾಲುಗಳು ಬೇರೆ ಬಣ್ಣಕ್ಕೆ ತಿರುಗುತ್ತವೆ. ಐಪಿಎಸ್ ದುಬಾರಿಯಾಗಿದ್ದ ಕಾಲ ಹೋಯಿತು. ವಿಎಗೆ ನಿಜವಾದ ಒಂದು ಗುಣವಿದೆ: ಕಪ್ಪು ಕಪ್ಪಾಗಿಯೇ ಕಾಣುತ್ತದೆ. ಸಾಮಾನ್ಯ ಐಪಿಎಸ್‌ನಲ್ಲಿ ಬಿಳಿ ಕಪ್ಪಿಗಿಂತ ಸುಮಾರು 1000 ಪಟ್ಟು ಬೆಳಗಿದರೆ ವಿಎಯಲ್ಲಿ 3000 ಪಟ್ಟು. ರಾತ್ರಿ ದೀಪ ಆರಿಸಿ ಸಿನಿಮಾ ನೋಡುವ ಮನೆಗೆ ನಾನು ವಿಎಯನ್ನೇ ಹೇಳುತ್ತೇನೆ. ಆದರೆ ಅಗ್ಗದ ವಿಎಯಲ್ಲಿ ಕಪ್ಪಿನಿಂದ ಬೂದಿಗೆ ಬದಲಾಗುವ ಅಣು ತಡಮಾಡುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಇಟ್ಟುಕೊಂಡು ಪುಟ ಸರಿಸಿದರೆ ಸಾಲುಗಳು ಬಾಲ ಎಳೆದುಕೊಂಡು ಹೋಗುತ್ತವೆ. ಓದುವವರಿಗೆ ಇದು ಸಣ್ಣ ಕಿರಿಕಿರಿಯಲ್ಲ. ಐಪಿಎಸ್‌ನ ದೋಷ ಕತ್ತಲ ಕೋಣೆಯಲ್ಲಿ ಮೂಲೆಗಳಿಂದ ಸೂಸುವ ಬೂದು ಬೆಳಕು. ಬಿಳಿ ಪುಟದ ಮೇಲೆ ಕಪ್ಪು ಅಕ್ಷರ ಓದುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಒಎಲ್‌ಇಡಿ ಈ ಬೆಲೆಯಲ್ಲಿ ಬರುವುದಿಲ್ಲ. ಬಂದರೂ, ಅದರ ಹಲವು ಪ್ಯಾನೆಲ್‌ಗಳಲ್ಲಿ ಕೆಂಪು, ಹಸಿರು, ನೀಲಿ ಕಣಗಳ ಜೋಡಣೆ ಬೇರೆಯಾದ್ದರಿಂದ ಅಕ್ಷರದ ಅಂಚಿಗೆ ಬಣ್ಣ ಕಟ್ಟುತ್ತದೆ.

ಡಬ್ಬಿಯ ಮೇಲಿನ ಅಂಕಿಗಳಲ್ಲಿ ಕೆಲವನ್ನು ಬದಿಗಿಡಬಹುದು. ಕೋಟಿಗಟ್ಟಲೆ ‘ಡೈನಮಿಕ್ ಕಾಂಟ್ರಾಸ್ಟ್’ ಎನ್ನುವುದು ದೀಪವನ್ನೇ ಮಂಕು ಮಾಡಿ ಅಳೆದ ಅಂಕಿ. 250 ನಿಟ್ಸ್ ಬೆಳಕಿನ ಪರದೆಗೆ ಎಚ್‌ಡಿಆರ್ ಎಂದು ಬರೆದಿದ್ದರೆ ಅದಕ್ಕೆ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಕಿಲ್ಲ. ಚುಕ್ಕಿ ಬಣ್ಣ ಬದಲಿಸಲು ಒಂದು ಮಿಲಿಸೆಕೆಂಡು ಸಾಕು ಎಂಬುದು ಓದುವ ಕೆಲಸಕ್ಕೆ ಸಂಬಂಧಪಡದ ಮಾತು. ನೋಡಬೇಕಾದದ್ದು ಬಣ್ಣದ ಅಂಕಿ. ಎನ್‌ಟಿಎಸ್‌ಸಿ 72 ಶೇಕಡ ಅಥವಾ ಎಸ್‌ಆರ್‌ಜಿಬಿ 99 ಶೇಕಡ ಎಂದಿದ್ದರೆ ಸರಿ, ಎನ್‌ಟಿಎಸ್‌ಸಿ 45 ಎಂದಿದ್ದರೆ ಬಿಟ್ಟುಬಿಡಿ. ಹೆಸರಿನಲ್ಲೂ ಎಚ್ಚರ ಬೇಕು. ಪಿಎಲ್‌ಎಸ್, ಎಡಿಎಸ್, ಎಎಚ್‌ವಿಎ ಈ ಮೂರೂ ಐಪಿಎಸ್ ಬಳಗದವೇ. ಕೊನೆಯದರಲ್ಲಿ ವಿಎ ಎಂಬ ಅಕ್ಷರಗಳಿದ್ದರೂ ಅದು ವಿಎ ಅಲ್ಲ. ಪ್ಯಾನೆಲ್ ಯಾವುದೆಂದು ಎಲ್ಲಿಯೂ ಬರೆಯದ ಮಾನಿಟರನ್ನು ನಾನಂತೂ ಯಾರಿಗೂ ಕೊಡಿಸುವುದಿಲ್ಲ.

ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದೆ. ಆ ಇಕ್ಕಟ್ಟಿನ ಅಂಗಡಿಗಳಲ್ಲಿ ಕೈಯಿಂದ ಮುಟ್ಟಿ, ಕಣ್ಣಿಂದ ನೋಡಿ ಕೊಳ್ಳುವುದನ್ನು ನಾನು ಇಂದಿಗೂ ಇಷ್ಟಪಡುತ್ತೇನೆ. ಪೆನ್‌ಡ್ರೈವ್‌ನಲ್ಲಿ ಒಂದು ಪುಟ ಕನ್ನಡ ಒಯ್ಯಿರಿ. ತುಂಗಾ, ನಿರ್ಮಲಾ, ನೋಟೊ ಹೀಗೆ ನೀವು ಬಳಸುವ ಅಕ್ಷರಶೈಲಿಯಲ್ಲೇ, ಒತ್ತುಗಳು ದಟ್ಟವಾಗಿರುವ ಪುಟ. ಜಲಪಾತ, ಗಿಳಿ, ಹೂವಿನ ವಿಡಿಯೊ ನಿಲ್ಲಿಸಿ ಅದನ್ನು ತೆರೆಯಲು ಹೇಳಿ. ಓದಿ. ಎಡಕ್ಕೆ ಬಲಕ್ಕೆ ಸರಿದು ಮತ್ತೆ ಓದಿ. ಐಟಿ ಕಂಪನಿಗಳು ಹೊರಹಾಕಿದ ಹಳೆಯ ಮಾನಿಟರುಗಳೂ ಅಲ್ಲಿ ಸಿಗುತ್ತವೆ. ಅವುಗಳಲ್ಲಿ ಎತ್ತರ ಏರಿಸಿ ಇಳಿಸುವ ಗಟ್ಟಿ ಸ್ಟ್ಯಾಂಡಿನ ಐಪಿಎಸ್ ಪರದೆಗಳಿರುತ್ತವೆ. ಬಿಳಿ ಪುಟ ಹಳದಿಗೆ ತಿರುಗಿಲ್ಲ, ಬೆಳಕು ಮಂಕಾಗಿಲ್ಲ ಎಂದು ಖಾತ್ರಿಯಾದರೆ ಧೈರ್ಯವಾಗಿ ತನ್ನಿ.

ದೂರದ ಊರಿನವರಿಗೆ ಲೆಕ್ಕ ಬೇರೆ. ಶಿರಸಿಯಲ್ಲೋ ಯಾದಗಿರಿಯಲ್ಲೋ ಇರುವವರು ಆನ್‌ಲೈನ್‌ನಲ್ಲಿ ತರಿಸುವ ಮೊದಲು ಆ ಕಂಪನಿಯ ಸರ್ವಿಸ್ ಸೆಂಟರ್ ಎಷ್ಟು ದೂರವಿದೆ, ಮನೆಗೆ ಬಂದು ರಿಪೇರಿ ಮಾಡುತ್ತಾರೆಯೇ, ವಾರಂಟಿ ಮೂರು ವರ್ಷದ್ದೇ ಎಂದು ವಿಚಾರಿಸಬೇಕು. ಬಂದ ದಿನವೇ ಇಡೀ ಪರದೆಗೆ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ತುಂಬಿಸಿ ಸತ್ತ ಚುಕ್ಕಿ ಇದೆಯೇ ನೋಡಬೇಕು. ವಾಪಸಾತಿಯ ಅವಧಿ ಮುಗಿದ ಮೇಲೆ ಒಂದೆರಡು ಚುಕ್ಕಿಗೆ ಯಾರೂ ಬದಲಿ ಕೊಡುವುದಿಲ್ಲ. ಹಳೆಯ ವಿಜಿಎ ಕೇಬಲ್ ಬಿಟ್ಟು ಎಚ್‌ಡಿಎಂಐ ಹಾಕಿ, ವಿಂಡೋಸಿನ ಕ್ಲಿಯರ್‌ಟೈಪ್ ಒಮ್ಮೆ ಹೊಂದಿಸಿಕೊಳ್ಳಿ. ಕಾಸು ಖರ್ಚಿಲ್ಲದೆ ಅಕ್ಷರ ಚೊಕ್ಕವಾಗುವ ದಾರಿ ಇದು.

ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೂ ಸರ್ಕಾರಿ ಶಾಲೆಗಳಿಗೂ ಕಂಪ್ಯೂಟರ್ ಬರುತ್ತಿರುವ ಕಾಲವಿದು. ಅಲ್ಲಿ ಒಂದು ಪರದೆಯ ಮುಂದೆ ಒಬ್ಬರೇ ಕೂರುವುದಿಲ್ಲ. ಒಂದು ಮಗು ಎದುರಿಗೆ, ಎರಡು ಅಕ್ಕಪಕ್ಕ, ಒಂದು ಹಿಂದೆ ನಿಂತು ಇಣುಕುತ್ತಿರುತ್ತದೆ. ಓರೆಯಿಂದ ಬಣ್ಣಗೆಡುವ ಪ್ಯಾನೆಲ್ ಆ ಪಕ್ಕದ ಮಕ್ಕಳ ಪಾಲಿಗೆ ಅರ್ಧ ಪರದೆಯೇ ಸರಿ. ಖರೀದಿಯ ಪಟ್ಟಿಯಲ್ಲಿ ಇಂಚು, ಬೆಲೆ, ವಾರಂಟಿ ಬರೆಯುವ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಪ್ಯಾನೆಲ್ ಐಪಿಎಸ್ ಆಗಿರಬೇಕು ಎಂಬ ಒಂದು ಸಾಲನ್ನೂ ಅದಕ್ಕೆ ಸೇರಿಸಿ.