ಕೀಲುನೋವಿನ ಗುಳಿಗೆ, ಸಂಜೆಯ ನೈಂಟಿ

ಸಿರಿಗೆರೆ ಸುತ್ತಲಿನ ನಮ್ಮ ಹಳ್ಳಿಗಳಲ್ಲಿ ಕೀಲುನೋವಿನ ಗುಳಿಗೆ ಇಲ್ಲದ ಮನೆ ಹುಡುಕುವುದು ಕಷ್ಟ. 2006ರಲ್ಲಿ ಚಿಕೂನ್‌ಗುನ್ಯಾ ಬಂದಾಗ ರಾಜ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣ ಲೆಕ್ಕಕ್ಕೆ ಸಿಕ್ಕಿದ್ದವು. ಜ್ವರ ವಾರದಲ್ಲಿ ಇಳಿಯಿತು, ನೋವು ಕೆಲವರಿಗೆ ವರ್ಷಗಟ್ಟಲೆ ಉಳಿಯಿತು. ಅದರ ಜೊತೆಗೆ ವಯಸ್ಸಾದವರ ಮಂಡಿ ಸವೆತ, ಬೆರಳ ಕೀಲು ಊದುವ ರುಮಟಾಯ್ಡ್, ಕಾಲಿನ ಹೆಬ್ಬೆರಳು ಕೆಂಪಾಗುವ ಗೌಟ್. ಎಲ್ಲಕ್ಕೂ ನಮ್ಮಲ್ಲಿ ಹೆಸರು ಒಂದೇ: ಕೀಲುನೋವು.

ಗುಳಿಗೆಯ ಬಗ್ಗೆ ಕಟ್ಟೆ ಮೇಲೆ ಕೂತು ಮಾತಾಡುತ್ತೇವೆ. ಎಣ್ಣೆಯ ಬಗ್ಗೆ ಮಾತಾಡುವುದಿಲ್ಲ. ಮಠದ ಸೀಮೆಯವರು ನಾವು, ಕುಡಿಯುವವರೂ ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವುದಿಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಕುಡಿತ ನಿಲ್ಲಲಿಲ್ಲ, ಸಾರಾಯಿ ಜಾಗಕ್ಕೆ ವಿಸ್ಕಿ ಪ್ಯಾಕೆಟ್ ಬಂತು.

ನಮ್ಮ ದೊಡ್ಡಪ್ಪನಿಗೆ ರುಮಟಾಯ್ಡ್. ಬೆಳಿಗ್ಗೆ ಎದ್ದರೆ ಲೋಟ ಹಿಡಿಯಲು ಬೆರಳು ಮಡಚುತ್ತಿರಲಿಲ್ಲ. ದಾವಣಗೆರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಗುಳಿಗೆ ಬರೆಯುವ ಮುಂಚೆ ಕೇಳಿದರು: "ಕುಡಿಯೋ ಅಭ್ಯಾಸ ಐತಾ ಯಜಮಾನ್ರೇ?"

"ಇಲ್ಲ ಸಾರ್."

ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೇಳಿದರು: "ದಿನಾ ಸಂಜೆ ನೈಂಟಿ ತಗೊಂತಾರೆ ಸಾರ್."

ಡಾಕ್ಟರು ಬೈಯಲಿಲ್ಲ. ಮೊದಲು ಲಿವರ್ ಪರೀಕ್ಷೆಗೆ ರಕ್ತ ಕೊಡಿ ಅಂದರು. ವಾಪಸ್ ಬರುವಾಗ ದೊಡ್ಡಪ್ಪ ಊರು ಬರುವ ತನಕ ದೊಡ್ಡಮ್ಮನ ಜೊತೆ ಮಾತಾಡಲಿಲ್ಲ. "ಮಾನ ಕಳೆದಳು" ಅಂತ ನಮ್ಮ ಹತ್ತಿರ ಗೊಣಗಿದರು. ದೊಡ್ಡಮ್ಮ ಕಳೆದದ್ದು ಮಾನವಲ್ಲ, ಬರಬಹುದಾಗಿದ್ದ ಅಪಾಯ. ಅದು ಯಾಕೆ ಅಂತ ಅವತ್ತಿನಿಂದ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ರುಮಟಾಯ್ಡ್‌ಗೆ ಹೆಚ್ಚಾಗಿ ಬರೆಯುವುದು ಮೆಥೋಟ್ರೆಕ್ಸೇಟ್. ಇದು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧ, ದಿನಾ ನುಂಗಿದರೆ ಜೀವಕ್ಕೇ ಅಪಾಯ. ಇದೂ ಲಿವರ್ ಮೇಲೆ ಭಾರ ಹಾಕುತ್ತದೆ, ಎಣ್ಣೆಯೂ ಹಾಕುತ್ತದೆ. "ಗುಳಿಗೆ ಭಾನುವಾರ, ಎಣ್ಣೆ ಬುಧವಾರ, ಏನೂ ಆಗಲ್ಲ" ಎನ್ನುವ ಲೆಕ್ಕ ನಡೆಯುವುದಿಲ್ಲ. ಔಷಧದ ಕೆಲಸ ವಾರವಿಡೀ ಇರುತ್ತದೆ, ಲಿವರ್ ಎರಡನ್ನೂ ಕೂಡಿಸಿಕೊಂಡೇ ಹೊರುತ್ತದೆ.

ಹಾಗಾದರೆ ಒಂದು ಹನಿಯೂ ಬೇಡವೇ? ಬ್ರಿಟನ್ನಿನಲ್ಲಿ ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುವ ಸುಮಾರು 12 ಸಾವಿರ ರುಮಟಾಯ್ಡ್ ರೋಗಿಗಳ ದಾಖಲೆ ನೋಡಿ 2017ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ವಾರಕ್ಕೆ 14 ಯೂನಿಟ್‌ಗಿಂತ ಕಡಿಮೆ ಕುಡಿಯುವವರಲ್ಲಿ ಲಿವರ್ ಪರೀಕ್ಷೆ ಏರುಪೇರಾಗುವುದು ಕುಡಿಯದವರಿಗಿಂತ ಹೆಚ್ಚು ಕಾಣಲಿಲ್ಲ. ಕುಡಿತ ಹೆಚ್ಚಿದಂತೆ ಅಪಾಯ ಏರಿತು.

ಈ 14 ಅಂದರೆ ಎಷ್ಟು? ಅವರ ಒಂದು ಯೂನಿಟ್ ಅಂದರೆ 10 ಮಿಲಿ ಶುದ್ಧ ಆಲ್ಕೋಹಾಲ್. ನಮ್ಮ ವಿಸ್ಕಿ ಶೇಕಡಾ 42.8ರದ್ದು. 90 ಮಿಲಿ ಪ್ಯಾಕೆಟ್ಟಿನಲ್ಲಿ ಆಲ್ಕೋಹಾಲ್ 38 ಮಿಲಿಗೂ ಹೆಚ್ಚು, ಅಂದರೆ ಹತ್ತಿರ ಹತ್ತಿರ ನಾಲ್ಕು ಯೂನಿಟ್. ವಾರಕ್ಕೆ ಎರಡು ಕ್ವಾರ್ಟರ್ ಆದರೆ 14 ದಾಟಿತು. ದೊಡ್ಡಪ್ಪನ ದಿನಕ್ಕೊಂದು ನೈಂಟಿ ವಾರಕ್ಕೆ ಸುಮಾರು 27. ಶೇಕಡಾ 8ರ ಸ್ಟ್ರಾಂಗ್ ಬಿಯರ್ 650 ಮಿಲಿ ಬಾಟಲಿಯಲ್ಲೂ ಐದು ಯೂನಿಟ್ ಮೇಲೆ ಇರುತ್ತದೆ. ಹಾಗಾಗಿ ಆ ಅಧ್ಯಯನ ನಮ್ಮ ಕಡೆಯ ಕುಡಿತಕ್ಕೆ ಪರವಾನಗಿ ಅಲ್ಲ. ಲಿವರ್ ಕೊಬ್ಬು, ಕಾಮಾಲೆ, ಸಕ್ಕರೆ ಕಾಯಿಲೆ ಇದ್ದವರಿಗೆ ಆ ಮಿತಿಯೂ ಹೆಚ್ಚಾಗಬಹುದು. ಎಷ್ಟು ಸರಿ ಎನ್ನುವುದನ್ನು ನಿಮ್ಮ ರಕ್ತ ಪರೀಕ್ಷೆ ನೋಡಿದ ಡಾಕ್ಟರೇ ಹೇಳಬೇಕು.

ಮೆಡಿಕಲ್ ಸ್ಟೋರಿನಲ್ಲಿ ನಾವೇ ಕೇಳಿ ತರುವ ಗುಳಿಗೆಗಳ ಕಥೆ ಬೇರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥವು ಹೊಟ್ಟೆಯ ಒಳಪದರ ಕೊರೆಯುತ್ತವೆ. ಮೇಲೆ ಎಣ್ಣೆ ಬಿದ್ದರೆ ಹುಣ್ಣು, ರಕ್ತಸ್ರಾವ ಸುಲಭ. ಜೊತೆಗೆ ಸ್ಟೆರಾಯ್ಡ್ ಇದ್ದರೆ ಇನ್ನೂ ಹೆಚ್ಚು. ಪ್ಯಾರಾಸಿಟಮಾಲ್ ಸಾಧು ಗುಳಿಗೆ ಅನಿಸಿದರೂ ದಿನಾ ಕುಡಿಯುವವರು ಅದನ್ನು ಹೆಚ್ಚು ನುಂಗಿದರೆ ಲಿವರ್ ಕೆಡುತ್ತದೆ. ಟ್ರಮಡಾಲ್ ಜೊತೆ ಕುಡಿದರೆ ನಿದ್ದೆಯಲ್ಲೇ ಉಸಿರು ಕುಗ್ಗಬಹುದು. ಗೌಟ್ ಇದ್ದವರಿಗೆ ಬಿಯರ್ ಯೂರಿಕ್ ಆಮ್ಲ ಏರಿಸಿ ನೋವನ್ನೇ ಕರೆದು ತರುತ್ತದೆ.

ಇನ್ನೊಂದು ಅಭ್ಯಾಸ ಕಂಡಿದ್ದೇವೆ. ಮದುವೆ, ಜಾತ್ರೆ ಬಂತು ಅಂದರೆ ಕುಡಿಯುವ ಸಲುವಾಗಿ ಗುಳಿಗೆ ಬಿಡುವುದು. ಗುಳಿಗೆ ತಪ್ಪಿದರೆ ಊತ ಮರಳುತ್ತದೆ, ಬಹಳ ದಿನ ತೆಗೆದುಕೊಂಡ ಸ್ಟೆರಾಯ್ಡ್ ದಿಢೀರ್ ಬಿಟ್ಟರೆ ಪ್ರಾಣಕ್ಕೂ ಕುತ್ತು. ಬಿಡುವುದಾದರೆ ಎಣ್ಣೆ ಬಿಡಿ. ಅದರಲ್ಲೂ ದಿನಾ ಜಾಸ್ತಿ ಕುಡಿಯುವವರು ಒಂದೇ ಏಟಿಗೆ ಬಿಟ್ಟರೆ ಕೈನಡುಕ, ಫಿಟ್ಸ್ ಬರಬಹುದು. ಡಾಕ್ಟರಿಗೆ ಹೇಳಿ ಬಿಡಿ.

ದೊಡ್ಡಪ್ಪನ ಮೊದಲ ವರದಿಯಲ್ಲಿ ಲಿವರ್ ಅಂಕಿ ಏರಿತ್ತು. ಡಾಕ್ಟರು ಮೆಥೋಟ್ರೆಕ್ಸೇಟ್ ತಡೆದರು, ಎಣ್ಣೆ ನಿಲ್ಲಿಸಿ ಬನ್ನಿ ಅಂದರು. ಅಂಕಿ ಇಳಿದ ಮೇಲೆ ಸಣ್ಣ ಪ್ರಮಾಣದಲ್ಲಿ ಶುರು ಮಾಡಿದರು. ಈಗ ಲೋಟ ಹಿಡಿಯುತ್ತಾರೆ, ಎಮ್ಮೆ ಕರೆಯುತ್ತಾರೆ. ಹಬ್ಬ ಬಂದಾಗ ಆಸೆ ಆಗುತ್ತೆ ಅಂತ ಅವರೇ ಹೇಳುತ್ತಾರೆ. ರಕ್ತ ಪರೀಕ್ಷೆ ದಿನ ಬಂದರೆ ದೊಡ್ಡಮ್ಮನಿಗಿಂತ ಮುಂಚೆ ಅವರೇ ಚೀಲ ಹಿಡಿದು ನಿಲ್ಲುತ್ತಾರೆ.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಮುಂದಿನ ಸಲ ಆಸ್ಪತ್ರೆಗೆ ಗುಳಿಗೆ ಚೀಟಿಗಳನ್ನೆಲ್ಲ ಕೊಂಡೊಯ್ಯಿರಿ. ಕುಡಿಯುವುದು ದಿನಕ್ಕೆಷ್ಟು, ವಾರಕ್ಕೆಷ್ಟು ಅಂತ ಅಳತೆ ಸಮೇತ ಹೇಳಿ. ಎಲ್ಲರ ಮುಂದೆ ನಾಚಿಕೆಯಾದರೆ ಡಾಕ್ಟರೊಬ್ಬರೇ ಇರುವಾಗ ಹೇಳಿ. ಮಲ ಟಾರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ, ಕಣ್ಣು ಹಳದಿಯಾದರೆ, ಉಸಿರಾಟ ಕಷ್ಟವಾದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ.